ಅರಬ್ಬಿ ಓದಲು, ಟೈಪ್ ಮಾಡಲು ಕಲಿಯಬೇಕೆ? ನಮ್ಮ ಕಡೆಯವರಿಗೆ ಯಾವ ದಾರಿ ಸರಿ

ಕಲಬುರಗಿ, ಬೀದರ್, ಯಾದಗಿರಿ ಕಡೆ ಈ ಲಿಪಿ ಯಾರಿಗೂ ಹೊಸದಲ್ಲ. ಅಂಗಡಿ ಬೋರ್ಡಿನಲ್ಲಿ ಕನ್ನಡದ ಪಕ್ಕ ಅದೇ ಲಿಪಿಯ ಉರ್ದು ಇರುತ್ತದೆ. ಮಸೀದಿ ಬಾಗಿಲ ಮೇಲೆ ಅರಬ್ಬಿ ಸಾಲು ಇರುತ್ತದೆ. ನೋಡಿ ನೋಡಿ ಅಭ್ಯಾಸವಾಗಿದೆ, ಆದರೆ ಓದಲು ಬರುವುದಿಲ್ಲ. ಈಗಲಾದರೂ ಕಲಿಯೋಣ ಅಂತ ಹೊರಟರೆ ಹತ್ತು ಜನ ಹತ್ತು ದಾರಿ ಹೇಳುತ್ತಾರೆ. ಕಾಯ್ದಾ (ಅರಬ್ಬಿ ಅಕ್ಷರ ಕಲಿಸುವ ಮೊದಲ ಪುಸ್ತಕ) ಹಿಡಿ ಅಂತ ಒಬ್ಬರು, ಆಪ್ ಹಾಕಿಕೋ ಅಂತ ಇನ್ನೊಬ್ಬರು, ಉರ್ದು ಬಂದರೆ ಅರಬ್ಬಿ ತಾನಾಗಿ ಬರುತ್ತದೆ ಅಂತ ಮತ್ತೊಬ್ಬರು. ಫೋನಿನಲ್ಲಿ ಯಾವ ಕೀಬೋರ್ಡ್ ಅನ್ನುವುದಂತೂ ಬೇರೆಯೇ ಗೊಂದಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಓದುವುದನ್ನು ಉಸ್ತಾದರ ಎದುರು ಕೂತು ಕಾಯ್ದಾದಿಂದ ಶುರು ಮಾಡಿ. ಟೈಪಿಂಗನ್ನೂ ಅದೇ ವಾರ ಶುರು ಮಾಡಿ, ಅದೂ ಅಸಲಿ ಅರಬ್ಬಿ ಕೀಬೋರ್ಡಿನಲ್ಲೇ. ಇಂಗ್ಲಿಷ್ ಅಕ್ಷರ ಒತ್ತಿ ಅರಬ್ಬಿ ಬರಿಸುವುದು ಬೇಡ. ಕನ್ನಡದಲ್ಲಿ ಉಚ್ಚಾರ ಬರೆದಿಟ್ಟುಕೊಂಡು ಓದುವುದೂ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ. ಇದು ಎಲ್ಲರಿಗೂ ಒಂದೇ ಥರ ಅನ್ವಯಿಸುವುದಿಲ್ಲ, ಅದನ್ನೂ ಹೇಳುತ್ತೇನೆ.

ನೀವು ಓದಬೇಕಾದದ್ದು ಅರಬ್ಬಿಯೇನಾ?

ಈ ಪ್ರಶ್ನೆ ಮೊದಲು ಕೇಳಿಕೊಳ್ಳಿ. ಅಜ್ಜನ ಕಾಲದ ಜಮೀನಿನ ಕಾಗದ ಮನೆಯಲ್ಲಿದೆ, ಅದನ್ನು ಓದಬೇಕು ಅಂತ ಕೆಲವರು ಅರಬ್ಬಿ ಕಲಿಯಲು ಹೊರಡುತ್ತಾರೆ. ನಮ್ಮ ಕಡೆ 1948ರವರೆಗೆ ನಿಜಾಮರ ಆಡಳಿತವಿತ್ತು. ಆ ಕಾಲದ ಕಾಗದಗಳು ಜಾಸ್ತಿ ಉರ್ದುವಿನಲ್ಲಿವೆ. ಅವುಗಳಲ್ಲಿ ಬಹಳಷ್ಟು ಶಿಕಸ್ತಾ ಅನ್ನುವ ಓಟದ ಕೈಬರಹದಲ್ಲಿವೆ. ಅದರಲ್ಲಿ ಚುಕ್ಕೆಗಳೇ ಸರಿಯಾಗಿ ಇರುವುದಿಲ್ಲ. ಕೂಡಬಾರದ ಅಕ್ಷರಗಳೂ ಕೂಡಿಕೊಂಡಿರುತ್ತವೆ. ಅರಬ್ಬಿ ಕಾಯ್ದಾ ಮುಗಿಸಿದವರಿಗೂ ಅದು ಓದಲು ಬರುವುದಿಲ್ಲ. ಅಂಥವರು ಉರ್ದುವನ್ನೇ ಕಲಿಯಬೇಕು, ಹಳೆಯ ಕಾಗದ ಓದಿ ಪಳಗಿದ ಹಿರಿಯರನ್ನು ಹುಡುಕಬೇಕು. ಅಂಥ ಹಿರಿಯರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಹಾಗಾಗಿ ಈ ಕೆಲಸ ಇರುವವರು ತಡ ಮಾಡಬೇಡಿ.

ಬೀದರಿನ ಮಹಮೂದ್ ಗವಾನ್ ಮದರಸಾ ನೋಡಿ ಆಸೆಪಟ್ಟವರೂ ಇದ್ದಾರೆ. 1472ರಲ್ಲಿ ಕಟ್ಟಿದ ಆ ಕಟ್ಟಡದ ಮುಂಭಾಗದಲ್ಲಿ ಉಳಿದಿರುವ ಬಣ್ಣದ ಟೈಲ್ಸ್ ಮೇಲೆ ದೊಡ್ಡ ಅಕ್ಷರದ ಅರಬ್ಬಿ ಸಾಲುಗಳಿವೆ. ಅಷ್ಟೂರಿನ ಬಹಮನಿ ಗೋರಿಗಳ ಒಳಗೂ ಇಂಥ ಬರಹ ಕಾಣುತ್ತದೆ. ಆಸೆ ಒಳ್ಳೆಯದೇ. ಆದರೆ ಅಲ್ಲಿ ಅಕ್ಷರಗಳು ಒಂದರ ಮೇಲೊಂದು ಏರಿ ಕೂತಿರುತ್ತವೆ, ಅಂದಕ್ಕಾಗಿ ಜಾಗ ಬದಲಿಸಿರುತ್ತವೆ. ಸಾದಾ ಅಚ್ಚಿನ ಅಕ್ಷರ ಸಲೀಸಾದ ಮೇಲೆ ಅಲ್ಲಿಗೆ ಹೋಗಿ.

ಇನ್ನು ಉಳಿದವರು ಇಬ್ಬರು. ಕುರಾನ್ ಓದಬೇಕಾದವರು, ಕೆಲಸಕ್ಕೆ ಗಲ್ಫಿಗೆ ಹೋಗುವವರು. ಇಬ್ಬರಿಗೂ ಬೇಕಾದದ್ದು ನಸ್ಖ್ ಅನ್ನುವ ನೇರ ಸಾಲಿನ ಅಚ್ಚಿನ ಬರಹ. ಉರ್ದು ಪತ್ರಿಕೆಯ ಇಳಿಜಾರು ಬರಹಕ್ಕೆ ನಸ್ತಲೀಕ್ ಅನ್ನುತ್ತಾರೆ, ಅದು ಬೇರೆ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಕುರಾನಿನಲ್ಲಿ ಜಬರ್, ಜೇರ್, ಪೇಶ್ (ಅ, ಇ, ಉ ಸ್ವರದ ಗುರುತುಗಳು) ಎಲ್ಲ ಹಾಕಿರುತ್ತಾರೆ. ದುಬೈ, ರಿಯಾದ್ ರಸ್ತೆಯ ಬೋರ್ಡಿನಲ್ಲಿ ಅವು ಇರುವುದಿಲ್ಲ. ಅಲ್ಲಿ ವ್ಯಂಜನ, ದೀರ್ಘ ಸ್ವರ ಮಾತ್ರ ಕೊಟ್ಟು ಗಿಡ್ಡ ಸ್ವರವನ್ನು ಓದುಗನಿಗೆ ಬಿಟ್ಟಿರುತ್ತಾರೆ.

ಬೀದರ್ ಅಂತ ಬರೆದು ನೋಡೋಣ

ಅರಬ್ಬಿಯಲ್ಲಿ 28 ಅಕ್ಷರ. ಬಲದಿಂದ ಎಡಕ್ಕೆ ಬರೆಯುವುದು. ಅಕ್ಷರಗಳು ಕೈ ಕೈ ಹಿಡಿದು ಕೂಡುತ್ತವೆ. ಪದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ, ಒಂಟಿಯಾಗಿ ನಿಂತಾಗ ರೂಪ ಬದಲಾಗುತ್ತದೆ. ಇದನ್ನು ಕೇಳಿಯೇ ಅರ್ಧ ಜನ ಹಿಂದೆ ಸರಿಯುತ್ತಾರೆ. ಹೆದರುವ ವಿಷಯವೇನಿಲ್ಲ.

ಬೀದರ್ ಅನ್ನುವ ಹೆಸರನ್ನೇ ತಗೊಳ್ಳಿ. ನಾಲ್ಕು ಅಕ್ಷರ: ಬಾ, ಯಾ, ದಾಲ್, ರಾ. ಬಾ ಅಂದರೆ ದೋಣಿಯಂಥ ಗೆರೆ, ಕೆಳಗೆ ಒಂದು ಚುಕ್ಕೆ. ಪದದ ಮೊದಲಿಗೆ ಬಂದಾಗ ಆ ದೋಣಿ ಚಿಕ್ಕದಾಗಿ ಒಂದು ಹಲ್ಲಿನಷ್ಟೇ ಉಳಿಯುತ್ತದೆ, ಚುಕ್ಕೆ ಹಾಗೇ ಇರುತ್ತದೆ. ಪಕ್ಕದ ಯಾ ಕೂಡ ಇಲ್ಲಿ ಒಂದು ಹಲ್ಲೇ, ಕೆಳಗೆ ಎರಡು ಚುಕ್ಕೆ. ಅದು ದಾಲ್‌ಗೆ ಕೂಡುತ್ತದೆ. ಆದರೆ ದಾಲ್ ತನ್ನ ಎಡಗಡೆಯ ಅಕ್ಷರದ ಜೊತೆ ಕೂಡುವುದಿಲ್ಲ. ಹಾಗಾಗಿ ರಾ ಒಂಟಿಯಾಗಿ ಪಕ್ಕದಲ್ಲಿ ನಿಲ್ಲುತ್ತದೆ.

ಹೀಗೆ ಎಡಕ್ಕೆ ಕೂಡದ ಅಕ್ಷರ ಆರೇ ಆರು: ಅಲಿಫ್, ದಾಲ್, ಜ಼ಾಲ್, ರಾ, ಜ಼ಾ, ವಾವ್. ಈ ಆರನ್ನು ಬಾಯಿಪಾಠ ಮಾಡಿಕೊಳ್ಳಿ. ಪದ ಎಲ್ಲಿ ಒಡೆಯುತ್ತದೆ, ಎಲ್ಲಿ ಕೂಡುತ್ತದೆ ಅನ್ನುವ ಗೊಂದಲ ಬಹುತೇಕ ಅಲ್ಲಿಗೆ ಮುಗಿಯುತ್ತದೆ. ಉಳಿದದ್ದು ಚುಕ್ಕೆಯ ಲೆಕ್ಕ. ಅದೇ ಹಲ್ಲಿನ ಮೇಲೆ ಒಂದು ಚುಕ್ಕೆ ಇಟ್ಟರೆ ನೂನ್, ಎರಡು ಇಟ್ಟರೆ ತಾ, ಮೂರು ಇಟ್ಟರೆ ಸಾ. ಕಣ್ಣು ಚುಕ್ಕೆಗೆ ಹೋಗಬೇಕು, ಗೆರೆಗಲ್ಲ.

ಬೀದರ್ ಸಲೀಸಾಗಿ ಬಂತು. ಯಾದಗಿರಿ, ಕಲಬುರಗಿ ಹಾಗೆ ಬರುವುದಿಲ್ಲ. ಶಿಷ್ಟ ಅರಬ್ಬಿಯಲ್ಲಿ ಗ ಇಲ್ಲ. ಪ, ಚ, ಟ, ಡ, ಳ ಕೂಡ ಇಲ್ಲ. ಉರ್ದುವಿನಲ್ಲಿ ಗಾಫ್, ಪೇ, ಚೇ, ಟೇ ಇವೆ. ಪರ್ಷಿಯನ್ನರು, ಹಿಂದುಸ್ತಾನಿಗಳು ತಮ್ಮ ಬಾಯಿಗೆ ತಕ್ಕಂತೆ ಸೇರಿಸಿಕೊಂಡ ಅಕ್ಷರಗಳು ಅವು. ಗಲ್ಫಿಗೆ ಹೋಗುವವರಿಗೆ ಇದು ಬಹಳ ಮುಖ್ಯ. ನಮ್ಮ ಪಾಟೀಲರ ಹೆಸರು ಅಲ್ಲಿ ಬಾ, ಅಲಿಫ್, ತಾ, ಯಾ, ಲಾಮ್ ಅಂತ ಬರೆಯಲಾಗುತ್ತದೆ. ಓದಿದರೆ ಬಾತೀಲ್. ಹೆಸರಿನಲ್ಲಿ ಗ ಇದ್ದರೆ ಒಂದು ಕಡೆ ಜೀಮ್, ಇನ್ನೊಂದು ಕಡೆ ಗೈನ್, ಮತ್ತೊಂದು ಕಡೆ ಕಾಫ್ ಹಾಕುತ್ತಾರೆ. ಅಲ್ಲಿ ಕೊಡುವ ನಿಮ್ಮ ಗುರುತಿನ ಕಾರ್ಡಿನಲ್ಲಿ ಯಾವುದು ಹಾಕಿದ್ದಾರೋ ಅದನ್ನು ಅಕ್ಷರಕ್ಕೆ ಅಕ್ಷರ ಗುರುತಿಟ್ಟುಕೊಳ್ಳಿ. ಬೇರೆ ಬೇರೆ ಕಾಗದದಲ್ಲಿ ಬೇರೆ ಬೇರೆ ಅಕ್ಷರ ಬಂದರೆ ಓಡಾಟ ನಿಮಗೇ.

ಓದಲು: ಉಸ್ತಾದರೋ, ಆಪೋ, ಉರ್ದುವೋ?

ನಮ್ಮ ಕಡೆ ಜಾಸ್ತಿ ಚಾಲ್ತಿಯಲ್ಲಿರುವುದು ನೂರಾನಿ ಕಾಯ್ದಾ. ತೆಳುವಾದ, ಅಗ್ಗದ ಪುಸ್ತಕ. ಅದರ ಕ್ರಮ ನನಗೆ ಬಹಳ ಇಷ್ಟ. ಮೊದಲ ಪಾಠದಲ್ಲಿ ಬಿಡಿ ಅಕ್ಷರ, ಎರಡನೆಯದರಲ್ಲಿ ಕೂಡಿದ ಅಕ್ಷರ, ಆಮೇಲೆ ಜಬರ್, ಜೇರ್, ಪೇಶ್. ಅರ್ಥದ ಗೊಡವೆಗೆ ಹೋಗುವುದಿಲ್ಲ, ಬರೀ ಅಕ್ಷರ ಗಟ್ಟಿ ಮಾಡಿಸುತ್ತದೆ. ಹಿಜ್ಜೆ, ಅಂದರೆ ಅಕ್ಷರ ಬಿಡಿಸಿ ಹೇಳುವುದು, ಮಾಡಿಸುವಾಗ ಬಾ ಜಬರ್ ಬ, ಬಾ ಜೇರ್ ಬಿ, ಬಾ ಪೇಶ್ ಬು ಅನ್ನಿಸುತ್ತಾರೆ. ನಾವು ಶಾಲೆಯಲ್ಲಿ ಹೇಳಿದ ಕಾಗುಣಿತವೇ ಅಲ್ವಾ? ಕಿತಾಬು ಅನ್ನುವ ಪದ ಬಂದರೆ, ಕಾಫ್ ಜೇರ್ ಕಿ, ತಾ ಅಲಿಫ್ ಜಬರ್ ತಾ, ಕಿತಾ, ಬಾ ಪೇಶ್ ಬು, ಕಿತಾಬು. ಕಾಗುಣಿತ ಹೇಳಿ ಬೆಳೆದ ಕನ್ನಡದವರಿಗೆ ಈ ರೀತಿ ತಕ್ಷಣ ಹಿಡಿಸುತ್ತದೆ.

ಉಸ್ತಾದರ ಹತ್ತಿರ ಸಿಗುವುದು, ಬೇರೆ ಕಡೆ ಸಿಗದೇ ಇರುವುದು ಒಂದೇ: ತಪ್ಪಿದ ತಕ್ಷಣ ನಿಲ್ಲಿಸುವ ಕಿವಿ. ಅರಬ್ಬಿಯಲ್ಲಿ ಹ ಎರಡು ಥರ ಇದೆ. ನೀವು ಬಡೀ ಹಾ ಅನ್ನುವುದನ್ನು ಛೋಟೀ ಹಾ ಥರ ಅಂದರೆ ಆಪ್ ಸುಮ್ನೆ ಮುಂದಕ್ಕೆ ಹೋಗುತ್ತದೆ. ಉಸ್ತಾದರು ಬಿಡುವುದಿಲ್ಲ. ಗಂಟಲಿನ ನಡುವಿನಿಂದ ಬರಬೇಕು ಅಂತ ಮತ್ತೆ ಮತ್ತೆ ಅನ್ನಿಸುತ್ತಾರೆ. ಐನ್ (ಗಂಟಲಿನ ಒಂದು ದನಿ), ಬಡಾ ಕಾಫ್ (ನಾಲಿಗೆಯ ಬುಡದ ಕ), ಸ್ವಾದ್ (ಭಾರವಾದ ಸ) ಇವೆಲ್ಲ ನೋಡಿ ಕಲಿಯುವಂಥವಲ್ಲ, ಕೇಳಿ ಅಂದು ಕಲಿಯುವಂಥವು. ದೊಡ್ಡವರಿಗೆ ಮಕ್ಕಳ ಸಾಲಿನಲ್ಲಿ ಕೂರಲು ಸಂಕೋಚವಾಗುತ್ತದೆ, ನಿಜ. ಸಂಜೆ ಬೇರೆ ಸಮಯ ಕೊಡುತ್ತೀರಾ ಅಂತ ಕೇಳಿ ನೋಡಿ. ಮುಸ್ಲಿಮರಲ್ಲದವರೂ ಸಂಕೋಚವಿಲ್ಲದೆ ಕೇಳಿ. ಕಾಯ್ದಾದ ಮುಂದಿನ ಪಾಠಗಳಲ್ಲಿ ಕುರಾನಿನ ಪದಗಳು ಬರುತ್ತವೆ, ಆ ಪುಸ್ತಕವನ್ನು ಗೌರವದಿಂದ ಇಟ್ಟುಕೊಳ್ಳಬೇಕು, ಅಷ್ಟೇ.

ಆಪ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಡ್ಯುಯೋಲಿಂಗೋ ಥರದವು ಅಕ್ಷರ ಗುರುತಿಸುವುದನ್ನು ಆಟದಂತೆ ಕಲಿಸುತ್ತವೆ, ಬಸ್ಸಿನಲ್ಲಿ ಕೂತು ಮಾಡಬಹುದು. ಆದರೆ ಹೆಚ್ಚಿನವು ಇಂಗ್ಲಿಷ್ ಮೂಲಕ ಕಲಿಸುತ್ತವೆ. ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸುವುದು ಓದುವುದಲ್ಲ, ಊಹಿಸುವುದು. ಉಸ್ತಾದರ ಪಾಠದ ಜೊತೆ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಕುರಾನ್ ಆಪ್ ಬಳಸುವವರು ಇನ್ನೊಂದು ನೋಡಿಕೊಳ್ಳಬೇಕು. ನಮ್ಮ ಮಸೀದಿಗಳಲ್ಲಿ ಸಿಗುವ ಪ್ರತಿಗಳು ಜಾಸ್ತಿ ಇಂಡೋ-ಪಾಕ್ ಬರಹದವು, ಕಾಯ್ದಾ ಕೂಡ ಅದೇ. ಬಹಳಷ್ಟು ಆಪ್‌ಗಳು ತೋರಿಸುವುದು ಮದೀನಾದ ಪ್ರತಿಯ ಬರಹ. ಅಕ್ಷರ ಅವೇ, ಆದರೆ ಸುಕೂನಿನ (ಸ್ವರವಿಲ್ಲದ ಅಕ್ಷರದ) ಗುರುತು, ಅಲಿಫ್ ಮೇಲಿನ ಹಮ್ಜಾ ಅನ್ನುವ ಚಿಕ್ಕ ಗುರುತು, ಖಡಾ ಜಬರ್ (ಆ ಸ್ವರದ ನೆಟ್ಟಗಿನ ಗೆರೆ) ಹಾಕುವ ರೀತಿ ಬೇರೆ. ಹೊಸಬರು ಬೆಳಗ್ಗೆ ಒಂದು, ಸಂಜೆ ಇನ್ನೊಂದು ನೋಡಿದರೆ ತಲೆ ಕೆಡುತ್ತದೆ. ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಇಂಡೋ-ಪಾಕ್ ಇದೆಯಾ ನೋಡಿ, ಇದ್ದರೆ ಅದನ್ನೇ ಇಟ್ಟುಕೊಳ್ಳಿ.

ಉರ್ದು ಓದಲು ಬರುವವರಿಗೆ ಅಕ್ಷರದ ರೂಪ ಆಗಲೇ ಗೊತ್ತಿರುತ್ತದೆ, ಅರ್ಧ ಕೆಲಸ ಮುಗಿದಂತೆ. ತೊಡಕು ಬಾಯಲ್ಲಿದೆ. ಉರ್ದುವಿನಲ್ಲಿ ಸೇ, ಸೀನ್, ಸ್ವಾದ್ ಮೂರೂ ಸ ಆಗಿಬಿಡುತ್ತವೆ. ಜ಼ಾಲ್, ಜ಼ೇ, ಜ್ವಾದ್, ಜೋಯ್ ನಾಲ್ಕೂ ಒಂದೇ ಜ಼. ಅರಬ್ಬಿಯಲ್ಲಿ ಎಲ್ಲವೂ ಬೇರೆ ಬೇರೆ ದನಿ. ಹಾಗಾಗಿ ಉರ್ದು ಬರುವವರೂ ಕಾಯ್ದಾದ ಮೊದಲ ಪುಟವನ್ನು ಹಾರಿಸಬೇಡಿ. ಉರ್ದು ಬಾರದ ಕನ್ನಡದವರು, ಮೊದಲು ಉರ್ದು ಕಲಿತು ಆಮೇಲೆ ಅರಬ್ಬಿ ಅಂತ ಸುತ್ತಿ ಬರುವ ಅಗತ್ಯವಿಲ್ಲ.

ಕನ್ನಡದಲ್ಲಿ ಉಚ್ಚಾರ ಬರೆದುಕೊಂಡು ಓದುವುದನ್ನು ಯಾಕೆ ಬೇಡ ಅಂದೆ? ನಮ್ಮ ಲಿಪಿಯಲ್ಲಿ ತಾ, ತ್ವಾ ಎರಡಕ್ಕೂ ತ ಒಂದೇ. ತಾದಿಂದ ಬರೆದ ತೀನ್ ಅಂದರೆ ಅಂಜೂರ, ತ್ವಾದಿಂದ ಬರೆದ ತೀನ್ ಅಂದರೆ ಜೇಡಿಮಣ್ಣು. ಕನ್ನಡದಲ್ಲಿ ಬರೆದಿಟ್ಟರೆ ಯಾವುದು ಯಾವುದೋ ಗೊತ್ತಾಗುವುದಿಲ್ಲ. ಐನ್ ಅಂತೂ ಮಾಯವೇ ಆಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೆಳಗೆ ಕನ್ನಡ ಇದ್ದರೆ ಕಣ್ಣು ಮೇಲಿನ ಸಾಲಿಗೆ ಹೋಗುವುದೇ ಇಲ್ಲ. ವರ್ಷಗಟ್ಟಲೆ ಹಾಗೆ ಓದಿದವರು ಒಂದು ಅಕ್ಷರವನ್ನೂ ಗುರುತಿಸಲಾರರು.

ಬಾಯಲ್ಲಿ ಆಗಲೇ ಇರುವ ಪದಗಳು

ಇಲ್ಲಿ ನಮಗೊಂದು ದೊಡ್ಡ ಅನುಕೂಲ ಇದೆ. ಕೋರ್ಟು, ಕಚೇರಿ, ಬಜಾರಿನಲ್ಲಿ ದಿನಾ ಆಡುವ ಎಷ್ಟೋ ಪದ ಅರಬ್ಬಿಯಿಂದಲೇ ಬಂದವು. ವಕೀಲ, ಬಾಕಿ, ಖಾಲಿ, ಮಾಲಿಕ, ಕಾನೂನು, ಹಾಜರು, ದಾಖಲು, ಜಮಾ, ಹಕ್ಕು, ತಾರೀಖು, ಸಾಬೀತು. ಅರ್ಥ ಒಂದಿಷ್ಟು ಆಚೀಚೆ ಆಗಿರಬಹುದು, ಅಕ್ಷರದ ಅಭ್ಯಾಸಕ್ಕೆ ಅದು ಅಡ್ಡಿಯಲ್ಲ. ಹೊಸ ಪದ ಕಲಿಯುವ ಭಾರವಿಲ್ಲದೆ ಬರೀ ಅಕ್ಷರದ ಮೇಲೆ ಗಮನ ಇಡಬಹುದು.

ದಾಖಲು: ದಾಲ್, ಅಲಿಫ್, ಖಾ, ಲಾಮ್. ಮೊದಲೆರಡು ಕೂಡದವು, ಕೊನೆಯ ಎರಡು ಕೂಡುತ್ತವೆ. ಬಾಕಿ: ಬಾ, ಅಲಿಫ್, ಬಡಾ ಕಾಫ್, ಯಾ. ಹಾಜರು: ಬಡೀ ಹಾ, ಅಲಿಫ್, ಜ್ವಾದ್, ರಾ. ಸಾಬೀತು: ಸಾ, ಅಲಿಫ್, ಬಾ, ತಾ. ನಾವು ಬೀ ಅಂತ ಎಳೆಯುತ್ತೇವೆ, ಅರಬ್ಬಿಯಲ್ಲಿ ಅಲ್ಲಿ ಯಾ ಇಲ್ಲ. ಜಮಾ ಇನ್ನೂ ಚೆನ್ನಾಗಿದೆ: ಜೀಮ್, ಮೀಮ್, ಐನ್. ಕೊನೆಯಲ್ಲಿ ಅಲಿಫ್ ಇದೆ ಅಂತ ನಮಗನಿಸುತ್ತದೆ, ಇರುವುದು ಐನ್. ಕಿವಿಯನ್ನೇ ನಂಬಿ ಬರೆದರೆ ಅರಬ್ಬಿ ತಪ್ಪುತ್ತದೆ ಅನ್ನುವುದು ಇಂಥ ಒಂದೆರಡು ಪದದಲ್ಲೇ ಗೊತ್ತಾಗುತ್ತದೆ.

ಟೈಪಿಂಗಿಗೆ ಯಾವ ಕೀಬೋರ್ಡ್?

ಓದುವುದು ಬಂದ ಮೇಲೆ ಟೈಪಿಂಗ್ ಕಲಿತರಾಯ್ತು ಅಂತ ಹೆಚ್ಚಿನವರು ಮುಂದಕ್ಕೆ ಹಾಕುತ್ತಾರೆ. ನಾನು ಒಪ್ಪುವುದಿಲ್ಲ. ಕೀಬೋರ್ಡಿನಲ್ಲಿ ಅಕ್ಷರದ ಮೂಲ ರೂಪ ಒಂದೇ ಇರುತ್ತದೆ. ಕೂಡಿಸುವ ಕೆಲಸ ಯಂತ್ರದ್ದು. ಕಿತಾಬ್ ಹೊಡೆಯಿರಿ. ಕಾಫ್ ಒತ್ತಿದಾಗ ಪೂರ್ತಿ ಕಾಫ್ ಬರುತ್ತದೆ. ತಾ ಒತ್ತಿದ ಕೂಡಲೇ ಕಾಫ್ ತನ್ನ ಬಾಲ ಬಿಟ್ಟು ತಾಗೆ ಅಂಟಿಕೊಳ್ಳುತ್ತದೆ. ಅಲಿಫ್ ಒತ್ತಿದರೆ ತಾ ಕುಗ್ಗಿ ಹಲ್ಲಾಗುತ್ತದೆ. ಬಾ ಒತ್ತಿದರೆ ಅದು ಅಲಿಫ್‌ಗೆ ಅಂಟದೆ ಬೇರೆ ನಿಲ್ಲುತ್ತದೆ. ಕಾಯ್ದಾದ ಎರಡನೇ ಪಾಠದಲ್ಲಿ ಕಲಿತದ್ದು ಕಣ್ಣೆದುರೇ ನಡೆಯುತ್ತದೆ. ಕನ್ನಡದ ನುಡಿ ತಂತ್ರಾಂಶದಲ್ಲಿ ಒತ್ತಕ್ಷರ ಹೊಡೆದವರಿಗೆ ಇದು ಹೊಸದೇನಲ್ಲ. ಯಾವ ತ, ಯಾವ ಹ, ಯಾವ ಕಾಫ್ ಅನ್ನುವುದನ್ನು ಮಾತ್ರ ನೀವೇ ನಿರ್ಧರಿಸಬೇಕು. ಅದೇ ನಿಜವಾದ ಪಾಠ.

ಇಂಗ್ಲಿಷ್ ಅಕ್ಷರ ಒತ್ತಿ ಅರಬ್ಬಿ ಬರಿಸುವ ಸಾಧನಗಳಲ್ಲಿ ಈ ಪಾಠವೇ ತಪ್ಪಿಹೋಗುತ್ತದೆ. ಕನ್ನಡಕ್ಕೆ ಆ ದಾರಿ ನಡೆಯುತ್ತದೆ, ಯಾಕೆಂದರೆ ನಾವು ಅಂದದ್ದನ್ನೆಲ್ಲ ಬರೆಯುತ್ತೇವೆ. ಅರಬ್ಬಿಯಲ್ಲಿ ಸಾಮಾನ್ಯವಾಗಿ ಗಿಡ್ಡ ಸ್ವರ ಬರೆಯುವುದಿಲ್ಲ. ಇಂಗ್ಲಿಷಿನ ಟಿ ಒತ್ತಿದರೆ ಅದು ತಾ ಕೂಡ ಆಗಬಹುದು, ತ್ವಾ ಕೂಡ ಆಗಬಹುದು. ಸಾಧನ ಒಂದು ಪಟ್ಟಿ ಮುಂದಿಡುತ್ತದೆ. ಅಕ್ಷರವೇ ಗೊತ್ತಿಲ್ಲದವರು ಆ ಪಟ್ಟಿಯಿಂದ ಯಾವುದನ್ನು ಆರಿಸುತ್ತಾರೆ? ಗಲ್ಫಿನ ಹುಡುಗರು ಚಾಟಿನಲ್ಲಿ ಇಂಗ್ಲಿಷ್ ಅಕ್ಷರದ ನಡುವೆ ಅಂಕಿ ಹಾಕುವುದನ್ನು ನೀವು ನೋಡಿರಬಹುದು. 3 ಅಂದರೆ ಐನ್, 7 ಅಂದರೆ ಬಡೀ ಹಾ, 2 ಅಂದರೆ ಹಮ್ಜಾ. ಅಷ್ಟು ಗೊತ್ತಿದ್ದರೆ ಸಾಕು, ಕಲಿಕೆಗೆ ಅದನ್ನು ಬಳಸಬೇಡಿ.

ಉರ್ದು ಕೀಬೋರ್ಡ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಕಡೆ ಜನ ಜಾಸ್ತಿ ಎಡವುವುದು ಇಲ್ಲೇ. ಫೋನಿನಲ್ಲಿ ಉರ್ದು ಆಗಲೇ ಇದೆ, ಅಕ್ಷರ ಅವೇ ತಾನೇ, ಅದರಲ್ಲೇ ಅರಬ್ಬಿ ಹೊಡೆದರಾಯ್ತು ಅನ್ನಿಸುತ್ತದೆ. ಕಣ್ಣಿಗೆ ಅವೇ, ಕಂಪ್ಯೂಟರಿಗೆ ಅಲ್ಲ. ಪ್ರತಿ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅರಬ್ಬಿಯ ಕಾಫ್, ಯಾ, ಛೋಟೀ ಹಾ ಇವುಗಳಿಗೆ ಒಂದು ಸಂಖ್ಯೆ, ಉರ್ದುವಿನ ಅದೇ ಅಕ್ಷರಗಳಿಗೆ ಇನ್ನೊಂದು ಸಂಖ್ಯೆ. ಬಾಕಿ ಅನ್ನುವ ಪದವನ್ನು ಉರ್ದುವಿನಲ್ಲಿ ಹೊಡೆದರೆ ಕೊನೆಯ ಯಾ ಕೆಳಗೆ ಚುಕ್ಕೆ ಬರುವುದಿಲ್ಲ, ಅರಬ್ಬಿಯಲ್ಲಿ ಎರಡು ಚುಕ್ಕೆ ಬರುತ್ತದೆ. ಇದು ಕಣ್ಣಿಗೆ ಕಾಣುವ ವ್ಯತ್ಯಾಸ, ತಿದ್ದಿಕೊಳ್ಳಬಹುದು. ಬೀದರ್ ಹೊಡೆದರೆ ಯಾ ಪದದ ನಡುವೆ ಬರುತ್ತದೆ. ಆಗ ಎರಡೂ ಕೀಬೋರ್ಡಿನಲ್ಲಿ ಎರಡು ಚುಕ್ಕೆಯ ಅದೇ ಹಲ್ಲು. ಕಣ್ಣಿಗೆ ಒಂದಿಷ್ಟೂ ಬೇರೆ ಕಾಣುವುದಿಲ್ಲ. ಆದರೆ ಒಂದು ಎಕ್ಸೆಲ್ ಹಾಳೆಯಲ್ಲಿ ಅರಬ್ಬಿಯ ಬೀದರ್ ಇದ್ದು, ನೀವು ಉರ್ದು ಕೀಬೋರ್ಡಿನಲ್ಲಿ ಹೊಡೆದು ಹುಡುಕಿದರೆ ಸಿಗದೇ ಹೋಗಬಹುದು. ಹೆಸರು, ವಿಳಾಸ, ಫಾರ್ಮು ತುಂಬುವ ಕೆಲಸಕ್ಕೆ ಹೋಗುವವರು ಇದನ್ನು ಮರೆಯಬೇಡಿ. ಉರ್ದುವಿಗೆ ಉರ್ದು ಕೀಬೋರ್ಡ್, ಅರಬ್ಬಿಗೆ ಅರಬ್ಬಿ ಕೀಬೋರ್ಡ್. ಎರಡನ್ನೂ ಫೋನಿಗೆ ಸೇರಿಸಿಕೊಂಡು ಬದಲಿಸುತ್ತಾ ಇರಬಹುದು, ಖರ್ಚೇನಿಲ್ಲ.

ಫೋನಿಗೆ ಗೂಗಲ್‌ನ ಕೀಬೋರ್ಡ್ ಆಪ್ ಆದ ಜಿಬೋರ್ಡಿನ ಅರಬ್ಬಿ ಸಾಕು. ಒಂದು ಕೆಲಸ ಮಾತ್ರ ಮಾಡಿ, ಪದ ಸೂಚಿಸುವುದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ಎರಡು ಅಕ್ಷರ ಹೊಡೆಯುವಷ್ಟರಲ್ಲಿ ಪೂರ್ತಿ ಪದ ಮುಂದೆ ಬಂದು ಕೂತರೆ ನೀವು ಕಲಿಯುವುದೇನು? ಅಲಿಫ್ ಮೇಲೆ ಹಮ್ಜಾ ಬೇಕಾದರೆ ಅಲಿಫ್ ಕೀಯನ್ನು ಒತ್ತಿ ಹಿಡಿಯಿರಿ. ಬೆರಳಲ್ಲಿ ಗೀಚಿ ಬರೆಯುವ ಸೌಲಭ್ಯ ಬೇಡ. ಓರೆಕೋರೆ ಬರೆದದ್ದನ್ನೂ ಅದು ತಾನೇ ಸರಿ ಮಾಡಿಬಿಡುತ್ತದೆ. ಕೈಬರಹಕ್ಕೆ ನೋಟ್‌ಬುಕ್ಕೇ ಒಳ್ಳೆಯದು.

ಡಿಟಿಪಿ ಕೆಲಸ, ಕಚೇರಿ ಕೆಲಸ ಅಂದುಕೊಂಡವರು ಕಂಪ್ಯೂಟರಿನ ಅರಬ್ಬಿ 101 ಅನ್ನುವ ಕೀಬೋರ್ಡ್ ಜೋಡಣೆ ಕಲಿಯಬೇಕು. ವಿಂಡೋಸ್‌ನಲ್ಲಿ ಭಾಷೆ ಸೇರಿಸಿದರೆ ಸಿಗುತ್ತದೆ. ಇದರಲ್ಲಿ ಇಂಗ್ಲಿಷಿನ ದನಿಗೂ ಅಕ್ಷರಕ್ಕೂ ಸಂಬಂಧವಿಲ್ಲ, ಎಸ್ ಕೀಯಲ್ಲಿ ಸೀನ್ ಇರುವುದು ಕಾಕತಾಳೀಯ. ಮಧ್ಯದ ಸಾಲಿನಲ್ಲಿ ಎ ಯಿಂದ ಶುರುವಾಗಿ ಶೀನ್, ಸೀನ್, ಯಾ, ಬಾ, ಲಾಮ್, ಅಲಿಫ್, ತಾ, ನೂನ್, ಮೀಮ್, ಕಾಫ್, ತ್ವಾ. ಈ ಒಂದು ಸಾಲಿನಿಂದಲೇ ಕಿತಾಬ್, ಮಾಲಿಕ್, ಸಲಾಮ್ ಮೂರೂ ಹೊಡೆಯಬಹುದು. ಸಲಾಮ್‌ಗೆ ಎಸ್, ಜಿ, ಎಚ್, ಎಲ್. ನಡುವಿನ ಲಾಮ್, ಅಲಿಫ್ ಒಂದಕ್ಕೊಂದು ಹೆಣೆದುಕೊಂಡು ಒಂದೇ ಆಕಾರವಾಗುವುದನ್ನು ನೋಡಿ. ಬಿ ಕೀಯಲ್ಲಿ ಆ ಜೋಡಿ ಒಟ್ಟಿಗೇ ಇದೆ, ಆದರೆ ಕಲಿಯುವಾಗ ಬಿಡಿಬಿಡಿಯಾಗಿ ಹೊಡೆಯಿರಿ. ಜಬರ್ ಬೇಕಾದರೆ ಶಿಫ್ಟ್ ಜೊತೆ ಕ್ಯೂ, ಪೇಶ್‌ಗೆ ಶಿಫ್ಟ್ ಜೊತೆ ಇ, ಜೇರ್‌ಗೆ ಶಿಫ್ಟ್ ಜೊತೆ ಎ. ಮೊದಲು ಅಕ್ಷರ, ಅದರ ಹಿಂದೆಯೇ ಗುರುತು. ವರ್ಡ್‌ನಲ್ಲಿ ಸಾಲು ಎಡಕ್ಕೇ ಅಂಟಿಕೊಂಡರೆ ಕಂಟ್ರೋಲ್ ಜೊತೆ ಬಲಗಡೆಯ ಶಿಫ್ಟ್ ಒತ್ತಿ.

ಕೀ ಮೇಲೆ ಅಂಟಿಸುವ ಅರಬ್ಬಿ ಸ್ಟಿಕರ್ ಸಿಗುತ್ತದೆ, ಶುರುವಿಗೆ ತಗೊಳ್ಳಿ.

ಗಲ್ಫಿಗೆ ಹೊರಟವರಿಗೆ ಎರಡು ಮಾತು

ನಿಮಗೆ ಸಮಯ ಕಡಿಮೆ, ವೀಸಾ ಯಾವಾಗ ಬರುತ್ತದೋ ಗೊತ್ತಿಲ್ಲ. ಪೂರ್ತಿ ಕಾಯ್ದಾ ಮುಗಿಸಲು ಆಗದಿದ್ದರೆ ಮೊದಲ ಎರಡು ಪಾಠ ಉಸ್ತಾದರ ಹತ್ತಿರ ಮಾಡಿ, ಆಮೇಲೆ ಆಪ್ ಮತ್ತು ಫೋನಿನ ಅರಬ್ಬಿ ಕೀಬೋರ್ಡ್ ಹಿಡಿಯಿರಿ. ಗುರುತು ಹಾಕದ ಪದಗಳನ್ನೇ ಜಾಸ್ತಿ ಓದಿ. ಅದಕ್ಕಿಂತ ಮೊದಲು ಅಂಕಿ ಕಲಿಯಿರಿ. ಅಲ್ಲಿ ಬಳಸುವ ಅರಬ್ಬಿ ಅಂಕಿಗಳಲ್ಲಿ ಸೊನ್ನೆ ಅಂದರೆ ಒಂದು ಚುಕ್ಕೆ. ನಾವು ಸೊನ್ನೆ ಅಂದುಕೊಳ್ಳುವ ದುಂಡನೆಯ ಗುರುತು ಅಲ್ಲಿ 5. ನಮ್ಮ ಕಣ್ಣಿಗೆ 7ರ ಥರ ಕಾಣುವುದು 6. ಬೆಲೆಚೀಟಿ, ಬಾಡಿಗೆ, ಸಂಬಳದ ಕಾಗದ ಎಲ್ಲದರಲ್ಲೂ ಇದು ಬರಬಹುದು. ಅಕ್ಷರ ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ನಮ್ಮ ಹಾಗೆಯೇ ಎಡದಿಂದ ಓದಬೇಕು.

ಮನೆಯವರ ಜೊತೆ ವಾಟ್ಸಾಪಿನಲ್ಲಿ ಅಭ್ಯಾಸ ಮಾಡುವಾಗ ಕನ್ನಡ, ಅರಬ್ಬಿ ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಬೇಡಿ. ಒಂದು ಎಡಕ್ಕೆ, ಒಂದು ಬಲಕ್ಕೆ ಹೋಗುವುದರಿಂದ ಪದಗಳ ಜಾಗ ಅದಲುಬದಲಾಗುತ್ತದೆ, ನೀವು ಸರಿ ಹೊಡೆದಿದ್ದರೂ ತಪ್ಪು ಕಾಣುತ್ತದೆ. ಅರಬ್ಬಿ ಪದವನ್ನು ಬೇರೆ ಸಾಲಿನಲ್ಲಿ ಹಾಕಿ, ಅದರ ಕೆಳಗಿನ ಸಾಲಿನಲ್ಲಿ ಅಕ್ಷರಗಳ ಹೆಸರನ್ನು ಕನ್ನಡದಲ್ಲಿ ಬಿಡಿಸಿ ಬರೆದು ಕಳಿಸಿ. ಉಚ್ಚಾರ ಬರೆಯಬೇಡಿ. ಬಾ, ಯಾ, ದಾಲ್, ರಾ ಅಂತ ಹೆಸರುಗಳನ್ನೇ ಬರೆಯಿರಿ. ಓದಿದವರು ಒಂದು ಚುಕ್ಕೆ ತಪ್ಪಿದ್ದರೂ ಹೇಳಬಲ್ಲರು.